ಯಾವ ಮಾಮ?

ನಮ್ಮವ್ವ ಕೂಗಿಯೇ ಮಾತಾಡುವುದು. ಸಿಟ್ಟಿಗಲ್ಲ. ನೀರು ಬೇಕೆಂದರೂ ಕೂಗುತ್ತಾಳೆ, ಮೊಮ್ಮಗಳನ್ನು ಮುದ್ದು ಮಾಡುವಾಗಲೂ ಕೂಗುತ್ತಾಳೆ. ತನ್ನ ದನಿ ತನಗೇ ಕೇಳದವಳು ಅದನ್ನು ತಗ್ಗಿಸುವುದಾದರೂ ಹೇಗೆ?

ಹುಟ್ಟಿನಿಂದ ಹೀಗಿರಲಿಲ್ಲ. ಕಟ್ಟಡದ ಕೆಲಸದಲ್ಲಿ ಕಿವಿ ಹೋಯಿತು. ಕಲ್ಲು ಕೊಯ್ಯುವ ಯಂತ್ರ ಅಂತ ಇರುತ್ತದೆ. ದುಂಡನೆಯ ಅಲಗು ಗಿರಗಿರನೆ ತಿರುಗಿ ಕಲ್ಲು ಸೀಳುತ್ತದೆ. ಅಲಗು ಕಾಯಬಾರದು, ದೂಳು ಏಳಬಾರದು ಅಂದರೆ ಯಾರಾದರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚೊಂಬಿನಿಂದ ನೀರು ಹೊಯ್ಯುತ್ತಲೇ ಇರಬೇಕು. ಆ ಯಾರಾದರೂ ಅಂದರೆ ನಮ್ಮವ್ವ. ಬೆಳಗಿನಿಂದ ಹೊತ್ತು ಮುಳುಗುವ ತನಕ. ಅಲಗಿಗೂ ಅವಳ ಕಿವಿಗೂ ಒಂದು ಮೊಳ ದೂರ. ಮೈತುಂಬ ಕಲ್ಲಿನ ಕೆಸರು. ಬೆರಳ ತುದಿಗಳು ನೆನೆದು ನೆನೆದು ಬೆಳ್ಳಗೆ ಬಿರಿದಿದ್ದವು. ಆ ಬಿರುಕು ಇವತ್ತಿಗೂ ಕೂಡಿಲ್ಲ.

ಸದ್ದು ತಡೆಯಲಾರದೆ ಹಳೆ ಬಟ್ಟೆ ಹರಿದು, ಉಂಡೆ ಮಾಡಿ ಕಿವಿಗೆ ತುರುಕಿಕೊಂಡಿದ್ದಳಂತೆ. ಮೇಸ್ತ್ರಿ ನೋಡಿದ. “ಕರೆದ್ರೆ ಕೇಳಿಸಬೇಕು ನಿಂಗೆ. ತೆಗಿ ಅದನ್ನ” ಅಂದ. ತೆಗೆದಳು. ಅವನು ಕರೆದದ್ದು ಕೆಲವು ವರ್ಷ ಕೇಳಿಸಿತು. ಆಮೇಲೆ ಅವನು ಕರೆದದ್ದೂ ಕೇಳಿಸಲಿಲ್ಲ, ನಾನು ಕರೆದದ್ದೂ ಕೇಳಿಸಲಿಲ್ಲ. ಕೆಲಸದಿಂದ ತೆಗೆದುಹಾಕಿದರು.

ಈಗ ಅವ್ವ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಜಾಣೆ, ಬಹಳ ಮಟ್ಟಿಗೆ ಸರಿಯಾಗಿಯೇ ಹಿಡಿಯುತ್ತಾಳೆ. ಎಡವುವುದು ಪ, ಬ, ಮ ಬಂದಾಗ. ಮೂರಕ್ಕೂ ತುಟಿ ಒಂದೇ ಥರ ಕೂಡುತ್ತದೆ, ಒಂದೇ ಥರ ಬಿಡುತ್ತದೆ. ಅನುಮಾನ ಬಂದರೆ ಎದುರಿಗಿದ್ದವರ ಮೂಗಿನ ಮೇಲೆ ಬೆರಳಿಡುತ್ತಾಳೆ. ಮ ಅಂದರೆ ಮೂಗು ಗುಂಯ್ ಅನ್ನುತ್ತದೆ. ಪ ಅಂದರೆ ಸುಮ್ಮನಿರುತ್ತದೆ. ಇದು ನಮ್ಮ ಮನೆಯ ಉಪಾಯ. ಹೊರಗಿನವರ ಮೂಗು ಹಿಡಿಯುವುದಕ್ಕಾಗುತ್ತದೆಯೇ?

ಹೊರಗಿನವರು ಅವಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದೊಡನೆ ಹೇಳುವುದು ಒಂದೇ ಮಾತು. ಪಾಪ. ಅಂಗಡಿಯವನು ಹೇಳುತ್ತಾನೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಹೇಳುತ್ತಾಳೆ. ಅವ್ವನ ಕಣ್ಣಿಗೆ ಅದು ಮಾಮ. “ಯಾವ ಮಾಮ?” ಎಂದು ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ಕೇಳುತ್ತಾಳೆ. ನನ್ನ ಮಗಳು ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಮನೆಗೆ ಬಂದಮೇಲೂ ಅವ್ವನ ವಿಚಾರಣೆ ಮುಗಿಯುವುದಿಲ್ಲ. “ಎಲ್ಲರೂ ಮಾಮ ಮಾಮ ಅಂತಾರಲ್ಲೇ, ನಿಮ್ಮಪ್ಪನ ಕಡೆ ಯಾರಾದ್ರೂ ಬಂದಿದಾರಾ?” ನಾವು ಯಾರೂ ತಿದ್ದಲಿಲ್ಲ. ಅಯ್ಯೋ ಅನ್ನಿಸಿಕೊಳ್ಳುವುದಕ್ಕಿಂತ ಗೊತ್ತಿಲ್ಲದ ಮಾಮನೊಬ್ಬ ಇರುವುದೇ ವಾಸಿ ಎಂದು ಬಿಟ್ಟೆವು.

ಈಗ ನಾವಿರುವ ಕಟ್ಟಡಗಳು ನಿಂತಿರುವ ಜಾಗದಲ್ಲಿ ಮೊದಲು ನಮ್ಮ ಸಾಲುಮನೆಗಳಿದ್ದವು. ತಗಡಿನ ಮಾಡು, ಒಂದೇ ಕೋಣೆ. ಗೋಡೆ ಮಾತ್ರ ಮಣ್ಣಿನದು, ಮೊಳ ದಪ್ಪ. ಅವ್ವನ ಕೂಗನ್ನು ಅದು ನುಂಗಿಕೊಳ್ಳುತ್ತಿತ್ತು. ನುಂಗದೆ ಉಳಿದದ್ದನ್ನು ನೆರೆಯವರು ನುಂಗಿಕೊಳ್ಳುತ್ತಿದ್ದರು. ಅವ್ವ ಹಿಂದೆ ಯಾರ ಕಟ್ಟಡಗಳ ಕಲ್ಲಿಗೆ ನೀರು ಹೊಯ್ದಿದ್ದಳೋ ಅದೇ ಬಿಲ್ಡರ್ ಬಂದ. ಜಾಗ ಬಿಟ್ಟುಕೊಟ್ಟವರಿಗೆ ಹೊಸ ಕಟ್ಟಡದಲ್ಲಿ ಒಂದೊಂದು ಮನೆ ಅಂದ. ಕೊಟ್ಟ, ಸುಳ್ಳೇಕೆ ಹೇಳಲಿ. ಮುಂದಿನ ಎರಡು ಕಟ್ಟಡ ಉಳ್ಳವರಿಗೆ. ಹಿಂದಿನದರಲ್ಲಿ ಅರ್ಧ ನಮ್ಮಂಥವರಿಗೆ, ಅರ್ಧ ಸಾಲ ಮಾಡಿ ಕೊಂಡವರಿಗೆ. ನಮಗೆ ಕೀಲಿಕೈ ಕೊಟ್ಟನೇ ಹೊರತು ಪತ್ರ ಕೊಡಲಿಲ್ಲ. ಎರಡು ವರ್ಷ ತಂಟೆ ತಕರಾರಿಲ್ಲದೆ ಬಾಳಿ ತೋರಿಸಿದರೆ ಮನೆ ನಮ್ಮ ಹೆಸರಿಗೆ. ಅಲ್ಲಿಯ ತನಕ ಅವನು ಹೋಗು ಅಂದರೆ ಗಂಟುಮೂಟೆ ಕಟ್ಟಬೇಕು. ನನ್ನ ಗಂಡ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಬಾಳಿ ತೋರಿಸುವ ಹೊಣೆ ನನ್ನ ತಲೆಯ ಮೇಲೆ ಬಿತ್ತು.

ನನಗೊಂದು ಕೆಲಸವನ್ನೂ ಕೊಟ್ಟರು. ಮುಂದಿನ ಕಟ್ಟಡದ ಕೆಳಗೆ ಒಂದು ಮನೆ ಇದೆ. ಅದರಲ್ಲಿ ಯಾರೂ ವಾಸವಿಲ್ಲ. ಮನೆ ಕೊಳ್ಳುವವರಿಗೆ ತೋರಿಸುವುದಕ್ಕೆಂದೇ ಸಿಂಗರಿಸಿ ಇಟ್ಟದ್ದು. ನಾವೆಲ್ಲ ಅದನ್ನು ತೋರಿಸೋ ಮನೆ ಅನ್ನುತ್ತೇವೆ. ಅಲ್ಲಿ ನೆಲ ಒರೆಸುವುದು, ಗಾಜು ಉಜ್ಜುವುದು ನನ್ನ ಕೆಲಸ. ಅದರ ಜೊತೆಗೆ ಇನ್ನೊಂದು. ಕೂಗುವುದು.

ನಗಬೇಡಿ. ನಿಜವಾಗಿಯೂ ಕೂಗುವ ಕೆಲಸ. ನೋಡಲು ಬಂದವರನ್ನು ಮ್ಯಾನೇಜರ್ ಹಾಲಿನಲ್ಲಿ ಸೋಫಾದ ಮೇಲೆ ಕೂರಿಸಿ ಬಾಗಿಲು ಹಾಕುತ್ತಾನೆ. ಗೋಡೆಯಾಚೆ ಕೋಣೆಯಲ್ಲಿ ನಾನು ತಟ್ಟೆಗೆ ಸೌಟು ಬಡಿಯುತ್ತ ಗಂಟಲು ಹರಿಯುವ ಹಾಗೆ ಕೂಗಬೇಕು. ಆಮೇಲೆ ಅವನು ಬಾಗಿಲು ತೆಗೆದು ನನ್ನನ್ನು ತೋರಿಸುತ್ತಾನೆ. “ನೋಡಿ, ಇಷ್ಟೊತ್ತೂ ಇವಳು ಅರಚ್ತಾ ಇದ್ಲು. ನಿಮಗೇನಾದ್ರೂ ಕೇಳಿಸ್ತಾ? ನಮ್ಮ ಗೋಡೆ ಅಂದ್ರೆ ಹೀಗೆ.” ಅವರು ಬೆರಗಾಗಿ ಗೋಡೆ ಸವರುತ್ತಾರೆ. ಆ ಗೋಡೆ ಗಟ್ಟಿ. ಎರಡು ಸಾಲು ಇಟ್ಟಿಗೆ, ನಡುವೆ ಒತ್ತಿ ತುಂಬಿದ ಹತ್ತಿಯಂಥ ಏನೋ. ಮೊದಮೊದಲು ಏನು ಕೂಗಬೇಕೆಂದೇ ತೋಚುತ್ತಿರಲಿಲ್ಲ. ಕೊನೆಗೆ ಮ್ಯಾನೇಜರನ ವಂಶವನ್ನೇ ಹಿಡಿದು ಜಾಲಾಡತೊಡಗಿದೆ. ಅವರಪ್ಪ, ಅವರಜ್ಜ, ಅವನ ಬೋಳು ತಲೆ, ಒಂದನ್ನೂ ಬಿಡಲಿಲ್ಲ. ಅವನು ನಗುನಗುತ್ತ ಬಾಗಿಲು ತೆಗೆದು, “ಚೆನ್ನಾಗಿ ಕೂಗಿದೆ” ಅನ್ನುತ್ತಿದ್ದ.

ನಮ್ಮ ಮನೆಯ ಗೋಡೆ ಹೇಗಿದೆಯೆಂದು ತಿಳಿದದ್ದು ಕನ್ನಡಿ ತೂಗುಹಾಕಲು ಮೊಳೆ ಹೊಡೆದ ದಿನ. ಎರಡೇ ಏಟು. ಮೂರನೆಯದಕ್ಕೆ ಮೊಳೆ ಸೋರೆಕಾಯಿಗೆ ಹೊಕ್ಕ ಹಾಗೆ ಬುಡದವರೆಗೂ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಕಣ್ಣು ಕೆಂಪಾಗಿತ್ತು.

“ನಿಮ್ಮ ಮೊಳೆ ನಮ್ಮ ಮನೆಗೆ ಬಂದಿದೆ” ಅಂದರು.

ಹೋಗಿ ನೋಡಿದೆ. ಅವರ ಮಂಚದ ತಲೆದೆಸೆಯ ಗೋಡೆಯಿಂದ ನನ್ನ ಮೊಳೆಯ ಮೂತಿ ಇಣುಕುತ್ತಿತ್ತು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

“ತಪ್ಪು ತಿಳ್ಕೋಬೇಡಿ ಅಕ್ಕ. ಬಂದಿದ್ದು ಬಂದಾಯ್ತು, ನೀವೂ ಏನಾದ್ರೂ ತೂಗುಹಾಕ್ಕೊಳ್ಳಿ.”

ಅವರು ನಗಲಿಲ್ಲ. ಗೋಡೆಯನ್ನು ಗೆಣ್ಣಿನಿಂದ ತಟ್ಟಿದರು. ಖಾಲಿ ಡಬ್ಬದ ಸದ್ದು. ಎರಡು ತೆಳು ಹಲಗೆ, ನಡುವೆ ಬರೀ ಗಾಳಿ.

“ನಾನು ಮನೆ ನೋಡೋಕೆ ಬಂದಾಗ ಗೋಡೆ ಆಚೆ ಒಬ್ಬಳು ಕೂಗ್ತಾ ಇದ್ಲಂತೆ. ನಂಗೆ ಒಂಚೂರೂ ಕೇಳಿಸ್ಲಿಲ್ಲ. ಆಸ್ಪತ್ರೇಲಿ ರಾತ್ರಿಯೆಲ್ಲ ನರಳೋದು ಕೇಳಿ ಕೇಳಿ ಸಾಕಾಗಿತ್ತು. ಹಗಲಾದ್ರೂ ನೆಮ್ಮದಿಯಾಗಿ ಮಲಗೋಣ ಅಂತ ಅವತ್ತೇ ಒಪ್ಕೊಂಡುಬಿಟ್ಟೆ.” ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದರು. “ನಿನ್ನ ಎಲ್ಲೋ ನೋಡಿದೀನಲ್ಲ?”

“ಕೂಗ್ತಾ ಇದ್ದೋಳು ನಾನೇ ಅಕ್ಕ” ಅಂದೆ.

ಅವರು ಇನ್ನೊಮ್ಮೆ ಆ ಮೊಳೆಯನ್ನು ನೋಡಿದರು, ಆಮೇಲೆ ನನ್ನನ್ನು.

ಅವರು ಕೆಟ್ಟವರಲ್ಲ. ಅವ್ವ ಕೂಗಿದಾಗಲೆಲ್ಲ ಬೆಚ್ಚಿಬಿದ್ದು ಏಳುತ್ತಿದ್ದರು. ಬರೀ ಅವ್ವನ ಕೂಗಲ್ಲ. ಮೇಲಿನ ಮನೆಯವನ ಕೆಮ್ಮು, ಕೆಳಗಿನ ಮನೆಯ ಜಗಳ, ಯಾರೋ ಬಕೆಟ್ಟು ಎಳೆದದ್ದು, ಎಲ್ಲ ಎಲ್ಲರಿಗೂ ಕೇಳಿಸುತ್ತಿತ್ತು. ಕಿವಿ ಕೇಳದ ನಮ್ಮವ್ವನಿಗೂ. ಅವಳು ಗೋಡೆಗೆ ಅಂಗೈ ಒತ್ತಿ ಕೂರುತ್ತಿದ್ದಳು. “ಆಚೆಮನೇಲಿ ಮಿಕ್ಸಿ ಹಾಕಿದಾರೆ” ಅನ್ನುತ್ತಿದ್ದಳು. ಹಾಕಿರುತ್ತಿದ್ದರು. ನರ್ಸಮ್ಮ ಮ್ಯಾನೇಜರನ ಹತ್ತಿರ ಹೋಗಿ ಗೋಡೆ ಟೊಳ್ಳು, ಸರಿಮಾಡಿಸಿಕೊಡಿ ಎಂದು ದೂರು ಕೊಟ್ಟರು. ಬೇರೆ ಮನೆಗಳವರೂ ಕೊಟ್ಟರು. ಮ್ಯಾನೇಜರ್ ತಲೆಯಾಡಿಸಿ ಕೇಳಿಕೊಂಡ.

ಮರುದಿನ ಲಿಫ್ಟಿನೊಳಗೆ ಒಂದು ಹಾಳೆ ಅಂಟಿಸಿದ್ದ. ಕೆಂಪಕ್ಷರ. ಕೂಗಾಡಿ ನೆರೆಯವರ ನೆಮ್ಮದಿ ಕೆಡಿಸುವವರ ಮನೆ ಕಿತ್ತುಕೊಳ್ಳಲಾಗುವುದು. ಕೆಳಗೆ ದೊಡ್ಡದಾಗಿ ನಮ್ಮ ಮನೆಯ ನಂಬರು. ಬೇರೆ ಯಾರದೂ ಇರಲಿಲ್ಲ.

ಅವ್ವನಿಗೆ ಓದು ಬಾರದು. ಆದರೆ ಕೀಲಿಕೈ ಬಿಲ್ಲೆಯ ಮೇಲಿನ ನಂಬರು ಅವಳಿಗೆ ಕಂಠಪಾಠ. ಹೊಸ ಮನೆ ಬಂದ ಖುಷಿಗೆ ಅದನ್ನು ಸವರಿ ಸವರಿ ಕಲಿತಿದ್ದಳು. ಲಿಫ್ಟಿನಲ್ಲಿ ಅದೇ ನಂಬರು ಕಂಡು ಅವಳ ಮುಖ ಅರಳಿತು. ಹತ್ತಿದವರಿಗೆಲ್ಲ ತೋರಿಸಿದಳು. “ನೋಡ್ರಪ್ಪಾ, ನಮ್ಮನೆ ನಂಬರು! ಇಷ್ಟು ದೊಡ್ಡದಾಗಿ ಹಾಕಿದಾರೆ!” ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು. ಅವ್ವನೂ ನಕ್ಕಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಪುಟ್ಟಿಯೇ ಅವಳಿಗೆ ಹೇಳಿಬಿಟ್ಟಳು. ಲಿಫ್ಟಿನ ಹಾಳೆಯ ಕಡೆ ಕೈ ಮಾಡಿ, ಅವ್ವನ ಕಡೆ ಕೈ ಮಾಡಿ, ಬಾಯಿ ಮೇಲೆ ಬೆರಳಿಟ್ಟು ತೋರಿಸಿದಳು. ಅವ್ವ ನನ್ನ ಮುಖ ನೋಡಿದಳು. ನಾನು ಕಣ್ಣು ತಪ್ಪಿಸಿದೆ.

ಅವತ್ತಿನಿಂದ ಅವ್ವ ಮಾತು ನಿಲ್ಲಿಸಿದಳು. ನೀರು ಬೇಕಾದರೆ ಲೋಟ ತೋರಿಸುತ್ತಾಳೆ. ಹಸಿವಾದರೆ ಸುಮ್ಮನಿರುತ್ತಾಳೆ. ಪುಟ್ಟಿ ಬಂದು ಕಥೆ ಹೇಳು ಎಂದು ಗಲ್ಲ ಹಿಡಿದರೆ ತಲೆ ಸವರಿ ಕಳಿಸಿಬಿಡುತ್ತಾಳೆ. ಕಲ್ಲು ಕೊಯ್ಯುವ ಯಂತ್ರಕ್ಕೂ ಬಗ್ಗದ ದನಿ ಅದು. ಒಂದು ಹಾಳೆಗೆ ಸತ್ತುಹೋಯಿತು. ಮನೆ ಗಪ್‌ಚಿಪ್. ಇನ್ನೂ ಹೊಟ್ಟೆ ಉರಿದದ್ದು ಯಾವಾಗ ಅಂದರೆ, ಅವಳು ಸುಮ್ಮನಾದ ಮೇಲೂ ಕಟ್ಟಡದ ಗಲಾಟೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕೆಮ್ಮು ಕೇಳುತ್ತಿತ್ತು, ಜಗಳ ಕೇಳುತ್ತಿತ್ತು, ಬಕೆಟ್ಟು ಕೇಳುತ್ತಿತ್ತು. ದೂರು ಮತ್ತೆ ಹೋಯಿತು. ಗೋಡೆ ಸರಿಮಾಡದಿದ್ದರೆ ಕೋರ್ಟಿಗೆ ಹೋಗುತ್ತೇವೆ ಅಂದರು ಸಾಲ ಮಾಡಿ ಕೊಂಡವರು.

ಆಗ ಮ್ಯಾನೇಜರ್ ನನ್ನನ್ನು ಕರೆಸಿದ. ಎಂದೂ ಇಲ್ಲದ್ದು, ಕುರ್ಚಿ ತೋರಿಸಿದ.

“ಭಾನುವಾರ ಸಾಹೇಬ್ರೇ ಬರ್ತಿದಾರೆ. ಎಲ್ಲರ ಮುಂದೆ ನೀನು ಒಂದೇ ಒಂದು ಮಾತು ಹೇಳು, ಸಾಕು. ಸದ್ದೆಲ್ಲ ನಮ್ಮ ಮನೇದು, ಗೋಡೇದೇನೂ ತಪ್ಪಿಲ್ಲ ಅಂತ. ನಿಮ್ಮಮ್ಮನ್ನ ಊರಾಚೆ ನಮ್ಮ ಸಾಹೇಬ್ರದ್ದೇ ವೃದ್ಧಾಶ್ರಮ ಇದೆ, ಅಲ್ಲಿ ಸೇರಿಸ್ಕೋತಾರೆ. ಪುಕ್ಕಟೆ. ಮನೆ ಪತ್ರ ಅವತ್ತೇ ನಿನ್ನ ಕೈಗೆ.”

“ಹೇಳದಿದ್ರೆ?”

“ಕೀಲಿಕೈ ಇಲ್ಲಿಟ್ಟು ಹೋಗ್ತಾ ಇರು. ಕೆಲಸಾನೂ ಇಲ್ಲ.”

ಹೇಳಿಬಿಡೋಣ ಎಂದೇ ನಾನು ಹೊರಟದ್ದು. ಪುಟ್ಟಿಯ ತಲೆಯ ಮೇಲೆ ಸೂರು ಬೇಡವೇ? ಹಳೆಯ ಸಾಲುಮನೆಗಳಂತೂ ಇಲ್ಲ, ಬೀದಿಗೆ ಬಿದ್ದರೆ ಯಾರಿದ್ದಾರೆ? ಭಾನುವಾರ ಬೆಳಿಗ್ಗೆ ಅವ್ವನಿಗೆ ತಲೆ ಬಾಚಿದೆ. ಎಲ್ಲಿಗೆ ಎಂದು ಕೈಯಲ್ಲೇ ಕೇಳಿದಳು. ನಾನು ಬಾಚುತ್ತಲೇ ಹೋದೆ. ಅವಳ ಕೂದಲು ಎಷ್ಟು ತೆಳ್ಳಗಾಗಿದೆ ಎಂದು ಅವತ್ತು ನೋಡಿದೆ.

ಸಭೆ ಇದ್ದದ್ದು ತೋರಿಸೋ ಮನೆಯ ಹಾಲಿನಲ್ಲಿ. ಹೊರಗೆ ಬಾಗಿಲ ಮುಂದಿನ ಕುರ್ಚಿಗಳಲ್ಲಿ ಮನೆ ನೋಡಲು ಬಂದವರು ಕಾಯುತ್ತಿದ್ದರು. ಗಂಡ ಹೆಂಡಿರು, ಅತ್ತೆ ಮಾವಂದಿರು, ಕೈಯಲ್ಲಿ ಬಣ್ಣಬಣ್ಣದ ಪುಸ್ತಕ. ಅವರ ಕಿವಿಗೆ ಏನೂ ಬೀಳಬಾರದೆಂದೇ ಸಭೆಯನ್ನು ಈ ಗಟ್ಟಿ ಗೋಡೆಗಳ ನಡುವೆ ಇಟ್ಟಿದ್ದರು. ಮ್ಯಾನೇಜರ್ ಬಾಗಿಲು ಹಾಕಿದ. ಹೊರಗಿನ ಸದ್ದೆಲ್ಲ ಕತ್ತರಿಸಿದಂತೆ ನಿಂತಿತು.

ಬಿಲ್ಡರ್ ಸಾಹೇಬರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೆತ್ತನೆಯ ಮನುಷ್ಯ. ಮಾತೂ ಮೆತ್ತಗೆ. ಸೋಫಾದಲ್ಲಿ ನಮ್ಮ ಕಟ್ಟಡದ ಏಳೆಂಟು ಮನೆಯವರು ಕೂತಿದ್ದರು. ಅವ್ವ, ಪುಟ್ಟಿ, ನಾನು ಗೋಡೆಗೆ ಒರಗಿ ನಿಂತೆವು. ನಮಗೆ ಕೂರು ಅಂದವರಿಲ್ಲ.

ನರ್ಸಮ್ಮನೇ ಮೊದಲು ಬಾಯಿಬಿಟ್ಟರು. “ಸರ್, ಗೋಡೆ ಟೊಳ್ಳು. ನೀವು ತೋರಿಸಿದ್ದು ಈ ಗೋಡೆ, ಕೊಟ್ಟಿದ್ದು ಬೇರೆ ಗೋಡೆ. ಸರಿ ಮಾಡಿಸೋ ಜವಾಬ್ದಾರಿ ನಿಮ್ಮದು.”

“ಗೋಡೆಗೇನಾಗಿದೆಯಮ್ಮ? ಎಲ್ಲಾ ಪರೀಕ್ಷೆ ಪಾಸಾಗಿದೆ. ಕೀ ಕೈಗೆ ಕೊಟ್ಟ ದಿನ ನಮ್ಮ ಜವಾಬ್ದಾರಿ ಮುಗೀತು.” ಸಾಹೇಬರು ನಕ್ಕರು. “ಗೋಡೆ ತಾನಾಗೇ ಕೂಗುತ್ತಾ? ಕೂಗೋರು ಇದಾರೆ, ಕೇಳಿಸುತ್ತೆ. ಫ್ಲ್ಯಾಟಲ್ಲಿ ಬಾಳಿ ಗೊತ್ತಿಲ್ಲದೋರು ಕೆಲವರಿದಾರೆ. ನಾವೂ ಮನುಷ್ಯರೇ, ದಾರಿ ಮಾಡಿಕೊಟ್ಟಿದೀವಿ. ಅವರೇ ಹೇಳ್ತಾರೆ ಕೇಳಿ.” ನನ್ನ ಕಡೆ ತಿರುಗಿದರು. ಆಮೇಲೆ ಅವ್ವನನ್ನು ಮೇಲಿಂದ ಕೆಳಗೆ ನೋಡಿದರು. “ಇವರೇನಾ? ಪಾಪ.”

ಇಷ್ಟು ದಿನ ಮುಚ್ಚಿದ್ದ ಅವ್ವನ ಬಾಯಿ ತನಗೆ ತಾನೇ ತೆರೆಯಿತು.

“ಯಾವ ಮಾಮ?”

ಕೂತಿದ್ದವರೆಲ್ಲ ನಗೆಯಲ್ಲಿ ಮುಳುಗಿದರು. ಸಾಹೇಬರೂ ನಕ್ಕರು. ಕಣ್ಣೊರೆಸಿಕೊಂಡು ಮತ್ತೆ, “ಪಾಪ, ಪಾಪ” ಅಂದರು. ಅವ್ವ ನಗಲಿಲ್ಲ. ಇಷ್ಟು ಜನ ಒಟ್ಟಿಗೆ ನಗುವ ಮಾಮ ಯಾರು ಎಂದು ಈ ಸಲ ತಿಳಿದೇ ತೀರಬೇಕೆಂದು ಅವಳಿಗೆ ಅನ್ನಿಸಿರಬೇಕು. ನೇರ ಹೋದಳು. ಮನೆಯಲ್ಲಿ ನಮಗೆ ಮಾಡುವ ಹಾಗೆ, ಬಿರಿದ ಬೆರಳನ್ನು ಸಾಹೇಬರ ಮೂಗಿನ ಮೇಲೆ ಇಟ್ಟಳು.

ಸಾಹೇಬರು ಹಾವು ಮೆಟ್ಟಿದವರಂತೆ ಹಿಂದಕ್ಕೆ ಸರಿದರು. ಮ್ಯಾನೇಜರ್ ಹಾರಿಬಂದು ಅವ್ವನ ಮಣಿಕಟ್ಟು ತಿರುಚಿದ. “ಏಯ್, ಯಾರನ್ನ ಮುಟ್ತಾ ಇದೀಯ ಗೊತ್ತಾ ನಿಂಗೆ?” ಸಾಹೇಬರು ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. ಒಂದು ಸಲ ಒರೆಸಿಕೊಂಡರು. ಸಾಲದೆಂದು ಇನ್ನೊಂದು ಸಲ ಒರೆಸಿಕೊಂಡರು.

ಆ ಎರಡನೆಯ ಸಲ ಒರೆಸಿಕೊಂಡದ್ದು ನೋಡಿದಾಗ ನನ್ನೊಳಗೆ ಏನೋ ಕಡಿದುಹೋಯಿತು. ಅವರು ಹಿಂದೆ ಕಟ್ಟಿಸಿದ ಕಟ್ಟಡಗಳ ಮೆಟ್ಟಿಲಿನ ಕಲ್ಲು, ನೆಲದ ಕಲ್ಲು, ಎಲ್ಲಕ್ಕೂ ನೀರು ಹೊಯ್ದ ಬೆರಳು ಅದು.

“ಕೈ ಬಿಡೋ” ಅಂದೆ ಮ್ಯಾನೇಜರನಿಗೆ. ಗೋಡೆಯಾಚೆಯಿಂದ ಎಷ್ಟೋ ಸಲ ಬೈದಿದ್ದೆ. ಮುಖಕ್ಕೆ ಮುಖ ಕೊಟ್ಟು ಬೈದದ್ದು ಅದೇ ಮೊದಲು. ಅವನು ಬಿಟ್ಟ. ಬಿಡದಿದ್ದರೆ ಕಚ್ಚುತ್ತಿದ್ದೆ.

“ಹೇಳಮ್ಮ, ಏನೋ ಹೇಳ್ಬೇಕು ಅಂದ್ಯಂತೆ” ಅಂದರು ಸಾಹೇಬರು. ದನಿಯಲ್ಲಿ ಈಗ ಮೆತ್ತಗಿನದು ಏನೂ ಇರಲಿಲ್ಲ.

“ಹೇಳ್ತೀನಿ. ನಮ್ಮವ್ವ ಮಾತು ಬಿಟ್ಟು ಎಷ್ಟು ದಿನ ಆಯ್ತು ಅಂತ ಇವರನ್ನೇ ಕೇಳಿ. ಸದ್ದು ನಿಲ್ತಾ? ಅವಳ ಕಿವಿ ಕಲ್ಲು ಕೊಯ್ಯೋ ಕಡೆ ಹೋಯ್ತು, ನಿಮ್ಮದೇ ಕೆಲಸದಲ್ಲಿ. ಬಟ್ಟೆ ತುರುಕಿಕೊಂಡ್ರೆ ನಿಮ್ಮ ಮೇಸ್ತ್ರಿ ಕಿತ್ತು ಬಿಸಾಕಿಸ್ದ. ಅಂಥೋಳು ಕೈಯಿಟ್ರೆ ಪಕ್ಕದ ಮನೆ ಮಿಕ್ಸಿ ಗೊತ್ತಾಗುತ್ತೆ. ಕಿವುಡಿಗೂ ಕೇಳೋ ಗೋಡೆ ಕಟ್ಟಿಕೊಟ್ಟು ನಮಗೆ ಬಾಯಿ ಮುಚ್ಚು ಅಂತೀರಾ? ಸದ್ದು ನಮ್ಮನೇದು ಅಂತ ನಾನು ಹೇಳಲ್ಲ. ನಮ್ಮವ್ವನ್ನ ಎಲ್ಲಿಗೂ ಕಳಿಸಲ್ಲ.”

“ಕೀಲಿಕೈ ಇಡು ಇಲ್ಲಿ” ಅಂದ ಮ್ಯಾನೇಜರ್.

ಕೀಲಿಕೈ ನನ್ನ ಸೊಂಟದಲ್ಲಿತ್ತು. ಇಡಲಿಲ್ಲ. ಸೋಫಾದಲ್ಲಿದ್ದವರು ಕೆಲವರು ನೆಲ ನೋಡಿದರು, ಕೆಲವರು ಗಡಿಯಾರ ನೋಡಿದರು. ನರ್ಸಮ್ಮ ಮಾತ್ರ ಎದ್ದು ಬಂದು ನಮ್ಮ ಪಕ್ಕದಲ್ಲಿ ನಿಂತರು. “ನಾನು ದೂರು ಕೊಟ್ಟಿದ್ದು ಗೋಡೆ ಮೇಲೆ. ಈ ಅಮ್ಮನ ಮೇಲಲ್ಲ” ಅಂದರು. ಅಷ್ಟೇ ಅಂದದ್ದು. ಅವರ ಸಾಲವೂ ತೀರಿರಲಿಲ್ಲ.

ಅವ್ವ ಎಲ್ಲರ ತುಟಿಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು. ಏನೋ ದೊಡ್ಡದು ನಡೆಯುತ್ತಿದೆ, ತನಗೆ ಮಾತ್ರ ಗೊತ್ತಾಗುತ್ತಿಲ್ಲ ಎಂಬ ಆತಂಕ ಆ ಕಣ್ಣಲ್ಲಿ. ನಾನು ಅವಳ ಬೆರಳು ಹಿಡಿದು ನನ್ನ ಮೂಗಿನ ಮೇಲೆ ಇಟ್ಟುಕೊಂಡೆ. ನಿಧಾನವಾಗಿ, ತುಟಿ ಬಿಡಿಸಿ ಹೇಳಿದೆ.

“ಪಾಪ.”

ಮೂಗು ಸುಮ್ಮನಿತ್ತು. ಅವ್ವ ಹುಬ್ಬು ಗಂಟಿಕ್ಕಿದಳು. ಮತ್ತೆ ಹೇಳು ಎಂದು ತಲೆಯಾಡಿಸಿದಳು. ಮತ್ತೆ ಹೇಳಿದೆ. ಆಗಲೂ ಗುಂಯ್ ಅನ್ನಲಿಲ್ಲ. ಅಂಗಡಿಯವನು, ಬಸ್ಸಿನವಳು, ಲಿಫ್ಟಿನಲ್ಲಿ ನಕ್ಕವರು, ಎಷ್ಟೋ ವರ್ಷಗಳ ಮಾಮಂದಿರೆಲ್ಲ ಅವಳ ಕಣ್ಣ ಮುಂದೆ ಒಬ್ಬೊಬ್ಬರಾಗಿ ಬಂದು ಹೋದದ್ದು ನನಗೆ ಕಂಡಿತು. ಅವಳು ಬೆರಳು ಕೆಳಗಿಳಿಸಿದಳು. ಸಾಹೇಬರ ಕಡೆ ತಿರುಗಿದಳು. ಕಲ್ಲು ಸೀಳುವ ಯಂತ್ರದ ಪಕ್ಕದಲ್ಲಿ ಕೂತು ಕೂಗುವ ದನಿ ತೆಗೆದಳು.

“ಪಾಪಾನಾ? ಯಾರ್ದು?”

ಪುಟ್ಟಿ ನಗಲಿಲ್ಲ. ಸಾಹೇಬರು ಕರ್ಚೀಫು ಮಡಚುತ್ತ ಮ್ಯಾನೇಜರನ ಮುಖ ನೋಡಿದರು, ಮ್ಯಾನೇಜರ್ ಬಾಗಿಲು ನೋಡಿದ. ಮುಚ್ಚಿತ್ತು. ಅವನ ಮುಖದಲ್ಲಿ ಸಮಾಧಾನ ಕಂಡಿತು. ಆ ಗೋಡೆಯ ಆಚೆಗೆ ಏನೂ ಹೋಗುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅದರ ಹಿಂದೆ ನಿಂತು ಎಷ್ಟು ದಿನ ಗಂಟಲು ಹರಿದುಕೊಂಡಿಲ್ಲ ನಾನು.

ಹೋಗಿ ಬಾಗಿಲಿನ ಎರಡೂ ರೆಕ್ಕೆ ತೆಗೆದೆ. “ಹಾಕೇ ಬಾಗಿಲು!” ಎಂದ ಮ್ಯಾನೇಜರ್. ಹೊರಗೆ ಕಾಯುತ್ತಿದ್ದವರೆಲ್ಲ ಬಣ್ಣದ ಪುಸ್ತಕದಿಂದ ತಲೆಯೆತ್ತಿದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅವ್ವನಿಗೆ ಕಾಣುವ ಹಾಗೆ ತುಟಿ ಬಿಡಿಸಿದೆ.

“ಇನ್ನೊಂದ್ಸಲ ಕೇಳವ್ವ. ಜೋರಾಗಿ ಕೇಳು.”

ಅವ್ವ ಎದೆ ತುಂಬ ಉಸಿರು ತೆಗೆದುಕೊಂಡಳು.